ನರಹುಲಿಗೆ ಹೊಟ್ಟೆಗೆ ಕೊಡುವ ಔಷಧ

ಪ್ರಾಣಕ್ಕೆ ಅಪಾಯವನ್ನು ತರುವ ಮಹಾರೋಗಗಳ ವಿಷಯವಾಗಿ ಪತ್ರಿಕೆಗಳಲ್ಲಿ ಬೇಕಾದಷ್ಟು ಲೇಖನಗಳು ಬರುತ್ತವೆ. ಪ್ರಾಣಕ್ಕೆ ಏನನ್ನೂ ಮಾಡದೆ, ಮನಸ್ಸನ್ನು ಮಾತ್ರ ದಿನವೂ ಮುಳ್ಳಿನಂತೆ ಚುಚ್ಚುವ ಸಣ್ಣ ಬೇನೆಗಳ ವಿಷಯವಾಗಿ ಬರೆಯುವವರು ಕಡಮೆ. ನರಹುಲಿಯು ಅಂತಹವುಗಳಲ್ಲಿ ಒಂದು. ಕೆಲವು ಕಡೆ ಇದನ್ನು ನರೂಲಿ ಎಂದೂ ಕರೆಯುವರು. ಹೆಸರಿನಲ್ಲಿ ಹುಲಿಯಿದ್ದರೂ ಕೈಬೆರಳಿನ ಈ ಗಂಟು ಯಾರನ್ನೂ ಕೊಂದುದಿಲ್ಲ. ಆದರೆ ಮಗುವೊಂದು ತನ್ನ ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ನಡೆಯುವುದನ್ನು ಕಂಡವರಿಗೆ ಈ ಹುಲಿಯ ಹಲ್ಲು ಎಲ್ಲಿ ನಾಟುತ್ತದೆಂಬುದು ತಿಳಿಯುತ್ತದೆ.

ನನ್ನ ಮೊಮ್ಮಗಳು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಎರಡು ವರ್ಷಗಳ ಹಿಂದೆ ಅವಳ ಬಲಗೈಯ ತೋರುಬೆರಳಿನ ಉಗುರಿನ ಬಳಿ ಸಾಸಿವೆಯ ಗಾತ್ರದ ಒಂದು ಗಂಟು ಕಾಣಿಸಿಕೊಂಡಿತು. ಮನೆಯವರು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ವರ್ಷ ತುಂಬುವುದರೊಳಗಾಗಿ ಅವು ಹನ್ನೊಂದಾದುವು. ಶಾಲೆಯ ವಾರ್ಷಿಕೋತ್ಸವಕ್ಕೆ ಕೋಲಾಟವನ್ನು ಅಭ್ಯಾಸ ಮಾಡಿಸುತ್ತಿದ್ದಾಗ ಜೊತೆಯ ಹುಡುಗಿಯೊಬ್ಬಳು, "ನಿನ್ನ ಕೋಲು ಮುಟ್ಟಿದರೆ ನನಗೂ ಬರುತ್ತೆ" ಎಂದು ಹಿಂದೆ ಸರಿದಳಂತೆ. ಅಂದು ಸಂಜೆ ಮಗು ಊಟಕ್ಕೆ ಏಳಲಿಲ್ಲ. ನಾನು ಪಕ್ಕದಲ್ಲಿ ಹೋಗಿ ಕುಳಿತಾಗ, "ತಾತ, ನನ್ನ ಕೈ ಯಾವಾಗ ಸರಿಹೋಗುತ್ತೆ?" ಎಂದು ಕೇಳಿದಳು. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಸಂಬಳ ತೆಗೆದುಕೊಂಡವನು ನಾನು. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಮೊದಲು ಮೂರು ತಿಂಗಳು ಹಚ್ಚುವ ಔಷಧ. ಆಮೇಲೆ ಎರಡು ಸಲ ಶೀತದಿಂದ ಸುಡುವ ಚಿಕಿತ್ಸೆ. ಕೆಲವು ಉದುರಿದುವು, ಉದುರಿದವುಗಳಲ್ಲಿ ಕೆಲವು ಮತ್ತೆ ಹುಟ್ಟಿದುವು. ಮೂರನೆಯ ಸಲ ಮಗು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಲೊಲ್ಲದು. ಆಗ ವೈದ್ಯರು, "ಹೊಟ್ಟೆಗೆ ಕೊಡುವ ಮಾತ್ರೆಯೂ ಉಂಟು, ಮೇಷ್ಟ್ರೇ. ಆದರೆ ಇದರಿಂದ ಹೋಗಿಯೇ ಹೋಗುತ್ತದೆಂದು ನಾನು ಮಾತು ಕೊಡಲಾರೆ" ಎಂದರು. ಔಷಧ ಕೊಡುವವರೇ ಹೀಗೆ ಹೇಳಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಆ ಮಾತಿನ ಅರ್ಥವನ್ನು ತಿಳಿಯಬೇಕೆಂದು ಆಮೇಲೆ ಓದಿ ಕೇಳಿ ಸಂಗ್ರಹಿಸಿದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ನರಹುಲಿಯ ಮೂಲ

ನರಹುಲಿಯು ಕೊಳಕಿನಿಂದ ಬರುವುದಲ್ಲ. ರಕ್ತ ಕೆಟ್ಟು ಬರುವುದಲ್ಲ. ಕಪ್ಪೆಯನ್ನು ಮುಟ್ಟಿದ್ದರಿಂದ ಬರುವುದೂ ಅಲ್ಲ. ಅದು ವೈರಸ್ ಎಂಬ ಅತಿಸೂಕ್ಷ್ಮ ವಿಷಾಣುವಿನ ಕೆಲಸ. ೧೯೦೭ರಲ್ಲಿ ಇಟಲಿಯ ಚಿಯುಫೋ ಎಂಬ ವೈದ್ಯನು ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಗಳೂ ದಾಟಲಾರದಂತಹ ಸೋಸುಕದಲ್ಲಿ ಅದರ ರಸವನ್ನು ಸೋಸಿ, ತನ್ನ ಕೈಗೇ ಅದನ್ನು ಚುಚ್ಚಿಕೊಂಡನು. ಕೆಲವು ತಿಂಗಳಲ್ಲಿ ಅಲ್ಲಿ ನರಹುಲಿ ಎದ್ದಿತು. ಸೋಸುಕವನ್ನು ದಾಟುವಷ್ಟು ಸಣ್ಣದಾದ ಯಾವುದೋ ಒಂದು ಇದಕ್ಕೆ ಕಾರಣವೆಂಬುದು ಹೀಗೆ ಸಿದ್ಧವಾಯಿತು. ೧೯೪೯ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಅದರ ಕಣಗಳು ಕಣ್ಣಿಗೂ ಬಿದ್ದುವು. ಇಂದು ಅದನ್ನು ಮಾನವ ಪ್ಯಾಪಿಲೋಮಾ ವೈರಸ್ ಎಂದು ಕರೆಯುತ್ತಾರೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳುಂಟು. ಕೈಕಾಲುಗಳಲ್ಲಿ ನರಹುಲಿಯನ್ನು ಎಬ್ಬಿಸುವ ಪ್ರಭೇದಗಳೇ ಬೇರೆ, ಹೆಂಗಸರ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ರಭೇದಗಳೇ ಬೇರೆ. ಆದುದರಿಂದ ಮಗುವಿನ ಕೈಯ ಗಂಟನ್ನು ಕಂಡು ತಾಯಂದಿರು ಆ ಭಯವನ್ನು ಇಟ್ಟುಕೊಳ್ಳಬೇಕಾದ್ದಿಲ್ಲ.

ಈ ವೈರಸ್ಸು ಚರ್ಮದ ಸಣ್ಣ ಬಿರುಕುಗಳ ಮೂಲಕ ಒಳಹೊಕ್ಕು, ಮೇಲ್ಚರ್ಮದ ತಳದ ಪದರದಲ್ಲಿ ನೆಲೆಸುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಜ್ವರವನ್ನು ತರುವುದಿಲ್ಲ. ಹೀಗೆ ಸದ್ದಿಲ್ಲದೆ ಇರುವುದೇ ಅದರ ಉಪಾಯ. ದೇಹದ ರಕ್ಷಣಾಶಕ್ತಿಗೆ ಬಹುಕಾಲ ಅದರ ಸುಳಿವೇ ಸಿಕ್ಕುವುದಿಲ್ಲ. ಒಂದು ದಿನ ಸುಳಿವು ಸಿಕ್ಕಿತೆಂದರೆ, ವರ್ಷಗಟ್ಟಲೆ ಇದ್ದ ಗಂಟುಗಳು ಕೆಲವೇ ವಾರಗಳಲ್ಲಿ ಒಟ್ಟಿಗೆ ಉದುರಿಹೋಗುವುದುಂಟು. ಮೂತ್ರಪಿಂಡವನ್ನು ಬದಲಾಯಿಸಿಕೊಂಡು, ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುವವರಲ್ಲಿ ನರಹುಲಿಗಳು ವಿಪರೀತವಾಗಿ ಹಬ್ಬುವುದೂ ಈ ಮಾತನ್ನೇ ಸಮರ್ಥಿಸುತ್ತದೆ.

ಅಮೆರಿಕದಲ್ಲಿ ಒಂದು ಸಂಸ್ಥೆಯ ಮಕ್ಕಳನ್ನು ಎರಡು ವರ್ಷ ಕಾಲ ಗಮನಿಸಿ ೧೯೬೩ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಯಾವ ಚಿಕಿತ್ಸೆಯೂ ಇಲ್ಲದೆ, ಎರಡು ವರ್ಷಗಳೊಳಗೆ ನರಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ತಾವಾಗಿಯೇ ಮಾಯವಾದುವೆಂದು ಅದರಿಂದ ತಿಳಿದುಬಂದಿತು. ವಾಚಕರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ಹಳಬರ ಚಿಕಿತ್ಸೆಯೂ ನನ್ನ ಅಪರಾಧವೂ

ನಮ್ಮ ಪ್ರಾಚೀನರು ನರಹುಲಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೂಲವ್ಯಾಧಿಯನ್ನು ವಿವರಿಸುವ ಅಧ್ಯಾಯದ ಕೊನೆಗೆ 'ಚರ್ಮಕೀಲ' ಎಂಬುದರ ಪ್ರಸ್ತಾಪ ಬರುತ್ತದೆ. ಕೀಲವೆಂದರೆ ಮೊಳೆ, ಚರ್ಮದ ಹೊರಗೆ ಮೊಳೆ ಹೊಡೆದಂತೆ ಅಲುಗದೆ ನಿಲ್ಲುವುದರಿಂದ ಈ ಹೆಸರು. ವ್ಯಾನವಾಯುವು ಕಫವನ್ನು ಕೂಡಿಕೊಂಡು ಇದನ್ನು ಉಂಟುಮಾಡುತ್ತದೆಂದು ಅವರ ಮತ. ಚರ್ಮದ ಮೇಲಿನ ಇಂತಹ ಬೆಳೆತಗಳಿಗೆ ಶಸ್ತ್ರದಿಂದ ಕೆರೆಯುವುದು, ಕ್ಷಾರದಿಂದ ಅಥವಾ ಅಗ್ನಿಯಿಂದ ಸುಡುವುದು, ಇವೇ ಅವರ ಉಪಾಯಗಳು. ಇಂದಿನ ವೈದ್ಯರ ಬಾಹ್ಯ ಚಿಕಿತ್ಸೆಯೂ ಇದೇ ಜಾತಿಯದು. ಸ್ಯಾಲಿಸಿಲಿಕ್ ಆಮ್ಲವನ್ನು ಹಚ್ಚಿ ಪದರ ಪದರವಾಗಿ ಕರಗಿಸುತ್ತಾರೆ, ವಿದ್ಯುತ್ತಿನಿಂದ ಸುಡುತ್ತಾರೆ, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕವನ್ನು ಮುಟ್ಟಿಸಿ ಹೆಪ್ಪುಗಟ್ಟಿಸುತ್ತಾರೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳಲ್ಲಿ ಅಂಗಾಲಿನ ನರಹುಲಿಯುಳ್ಳ ೨೪೦ ಜನರಲ್ಲಿ ಆಮ್ಲವನ್ನೂ ಶೀತವನ್ನೂ ಹೋಲಿಸಿ ನೋಡಿ ೨೦೧೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹನ್ನೆರಡು ವಾರಗಳ ಕೊನೆಗೆ ಎರಡು ಗುಂಪಿನಲ್ಲಿಯೂ ಪೂರ್ಣ ಗುಣವಾದವರು ನೂರಕ್ಕೆ ೧೪ರಷ್ಟು ಮಾತ್ರ. ಅಂಗಾಲಿನ ನರಹುಲಿ ಹಟಮಾರಿಯೆಂಬುದು ಸುಳ್ಳಲ್ಲ.

ಇಲ್ಲಿ ನನ್ನದೊಂದು ಅಪರಾಧವನ್ನು ಹೇಳಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳಿಗೂ ಹಿಂದೆ, ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ನನ್ನ ತರಗತಿಯ ಹುಡುಗನೊಬ್ಬನ ಬೆರಳ ಗೆಣ್ಣುಗಳ ಮೇಲೆ ನರಹುಲಿಗಳಿದ್ದುವು. ಮೊದಲು ನಾನು ಅವನನ್ನು ಬೇರೆ ಮಕ್ಕಳಿಂದ ದೂರ, ಗೋಡೆಯ ಪಕ್ಕದಲ್ಲಿ ಕೂರಿಸಿದೆ. ಆಮೇಲೆ ಮರುಕ ಹುಟ್ಟಿತು. ಆಗತಾನೆ ಸುಶ್ರುತವನ್ನು ಅಲ್ಲಲ್ಲಿ ತಿರುವಿಹಾಕಿದ್ದೆ; ಕ್ಷಾರದಿಂದ ಚರ್ಮಕೀಲ ಹೋಗುತ್ತದೆಂಬ ಪಾಂಡಿತ್ಯ ತಲೆಗೇರಿತ್ತು. ಸುಣ್ಣವನ್ನೂ ಬಟ್ಟೆ ಒಗೆಯುವ ಸೋಡಾವನ್ನೂ ನೀರಿನಲ್ಲಿ ಕಲಸಿ ಹಚ್ಚುವ ಪದ್ಧತಿ ಹಳ್ಳಿಯಲ್ಲಿಯೂ ಇತ್ತು. "ಅದೇ ಕ್ಷಾರ, ಹಚ್ಚಿಕೊ" ಎಂದು ಹುಡುಗನಿಗೆ ಹೇಳಿದೆ. ಮೇಷ್ಟ್ರ ಮಾತು, ಅವನು ರಾತ್ರಿಯೆಲ್ಲ ಕಟ್ಟಿಕೊಂಡು ಮಲಗಿದನು. ಸುಣ್ಣವೂ ಆ ಸೋಡಾವೂ ನೀರಿನಲ್ಲಿ ಕೂಡಿದರೆ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಅದು ನರಹುಲಿಯನ್ನೂ ಬೆರಳನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲದೆ? ಬೆಳಗಾಗುವುದರೊಳಗೆ ಗೆಣ್ಣಿನ ಚರ್ಮ ಬೆಂದು ಹೋಗಿತ್ತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಕ್ಷಾರವನ್ನು ಹೇಳಿದ ಅದೇ ಗ್ರಂಥದ ಸೂತ್ರಸ್ಥಾನದಲ್ಲಿ, ಅದನ್ನು ಎಷ್ಟು ಹೊತ್ತು ಇಡಬೇಕು, ಹೆಚ್ಚಾದರೆ ಏನಾಗುತ್ತದೆ, ಯಾರಿಗೆ ಕೊಡಕೂಡದು ಎಂಬುದೆಲ್ಲ ವಿವರವಾಗಿದೆ. ತಿಳಿಯದವನ ಕೈಗೆ ಸಿಕ್ಕಿದ ಕ್ಷಾರವನ್ನು ವಿಷಕ್ಕೂ ಸಿಡಿಲಿಗೂ ಹೋಲಿಸಿ ಎಚ್ಚರಿಕೆಯನ್ನೂ ಕೊಟ್ಟಿದೆ. ಆ ಭಾಗವನ್ನು ನಾನು ಓದಿದ್ದು ಹುಡುಗನ ಬೆರಳು ಸುಟ್ಟ ಮೇಲೆ. ಹತ್ತು ಹನ್ನೆರಡು ವರ್ಷಗಳು ಕಳೆದು ಅವನು ತನ್ನ ಮದುವೆಯ ಲಗ್ನಪತ್ರಿಕೆಯನ್ನು ಕೊಡಲು ನಮ್ಮ ಮನೆಗೆ ಬಂದನು. ತೋರುಬೆರಳು ಪೂರ್ತಿ ಮಡಿಯುತ್ತಿರಲಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋದುದನ್ನು ಕಂಡು, "ನೀವು ಹೇಳಿದ ಮದ್ದಿನಿಂದಲೇ ಮೇಷ್ಟ್ರೇ, ನರಹುಲಿ ಮತ್ತೆ ಬರಲೇ ಇಲ್ಲ" ಎಂದು ನಮಸ್ಕಾರ ಮಾಡಿದನು. ಅವನು ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸುಮ್ಮನೆ ಬಿಟ್ಟಿದ್ದರೂ ಬಹುಶಃ ಹೋಗುತ್ತಿದ್ದ ಗಂಟುಗಳಿಗಾಗಿ ಒಂದು ಬೆರಳಿನ ಬಳುಕನ್ನು ತೆಗೆದುಬಿಟ್ಟೆನಲ್ಲ ಎಂಬುದು ಈಗಲೂ ನನ್ನನ್ನು ಬಾಧಿಸುತ್ತದೆ.

ಹೊಟ್ಟೆಗೆ ಕೊಡುವ ಔಷಧಗಳು

ಹೊರಗಿನಿಂದ ಸುಡುವುದರಲ್ಲಿ ಇಷ್ಟು ನೋವಿರುವಾಗ, ಒಂದು ಗುಳಿಗೆಯನ್ನು ನುಂಗಿದರೆ ಎಲ್ಲವೂ ಒಟ್ಟಿಗೆ ಹೋಗಬಾರದೇಕೆ ಎಂದು ಯಾರಿಗಾದರೂ ತೋರುವುದು ಸಹಜ. ಮೊದಲು ತಿಳಿಯತಕ್ಕದ್ದೇನೆಂದರೆ, ನರಹುಲಿಯ ವೈರಸ್ಸನ್ನೇ ನೇರವಾಗಿ ಕೊಲ್ಲುವ ನುಂಗುವ ಔಷಧ ಇದುವರೆಗೆ ಬಂದಿಲ್ಲ. ಕೊಡುವ ಔಷಧಗಳೆಲ್ಲ ಎರಡು ಬಗೆ. ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸಬಹುದೆಂಬ ನಿರೀಕ್ಷೆಯಿಂದ ಕೊಡುವುವು ಒಂದು ಬಗೆ. ಚರ್ಮದ ಬೆಳೆವಣಿಗೆಯ ರೀತಿಯನ್ನೇ ಬದಲಾಯಿಸುವುವು ಇನ್ನೊಂದು ಬಗೆ.

ಮೊದಲನೆಯ ಬಗೆಯಲ್ಲಿ ಸಿಮೆಟಿಡೀನ್ ಎಂಬುದರ ಕಥೆ ಬೋಧಪ್ರದವಾಗಿದೆ. ಇದು ಮೂಲತಃ ಹೊಟ್ಟೆಯ ಹುಣ್ಣಿಗೆ ಮತ್ತು ಹುಳಿಗೆ ಕೊಡುವ ಔಷಧ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯ ಶೋಧನೆಯ ಫಲವಾಗಿ ೧೯೭೬ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದಿತು. ಆತನಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ರಕ್ಷಣಾಶಕ್ತಿಯನ್ನು ಹಿಡಿದಿಡುವ ಕೆಲವು ಬಿಳಿಯ ರಕ್ತಕಣಗಳ ಕಟ್ಟನ್ನು ಇದು ಸಡಿಲಿಸುತ್ತದೆಂದು ಕಂಡುದರಿಂದ, ನರಹುಲಿಗೂ ಕೊಟ್ಟು ನೋಡಿದರು. ಅಮೆರಿಕದಲ್ಲಿ ೧೯೯೩ರಲ್ಲಿ ಪ್ರಕಟವಾದ ಒಂದು ವರದಿಯಂತೆ, ಔಷಧ ಸೇವಿಸಿದ ೩೨ ಮಂದಿ ಮಕ್ಕಳಲ್ಲಿ ಐವರಿಗೆ ನಾಲ್ವರಂತೆ ಗುಣ ಕಂಡಿತು. ಎಲ್ಲ ಕಡೆಯೂ ಹರ್ಷ. ಆದರೆ ಆ ಪರೀಕ್ಷೆಯಲ್ಲಿ ಔಷಧವಿಲ್ಲದ ಹೋಲಿಕೆಯ ಗುಂಪಿರಲಿಲ್ಲ. ಮೂರು ವರ್ಷಗಳ ಮೇಲೆ, ೧೯೯೬ರಲ್ಲಿ, ತುರ್ಕಿಯ ವೈದ್ಯರು ರೋಗಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಸಿಮೆಟಿಡೀನನ್ನೂ ಮತ್ತೊಂದಕ್ಕೆ ಅದರಂತೆಯೇ ತೋರುವ ನಿಸ್ಸಾರವಾದ ಮಾತ್ರೆಯನ್ನೂ ಕೊಟ್ಟರು. ಯಾರಿಗೆ ಯಾವುದೆಂಬುದು ಕೊಡುವವರಿಗೂ ತಿಳಿಯದು, ಸೇವಿಸುವವರಿಗೂ ತಿಳಿಯದು. ಕೊನೆಗೆ ಎಣಿಸಿ ನೋಡಿದರೆ ಎರಡು ಗುಂಪಿನಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಗುಣವಾಗಿತ್ತು! ೧೯೯೯ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯೂ ನಿಸ್ಸಾರ ಮಾತ್ರೆಗಿಂತ ಇದು ಮೇಲಲ್ಲವೆಂದೇ ಹೇಳಿತು. ಇದನ್ನು ಕೊಡುವ ವೈದ್ಯರು ಈಗಲೂ ಇದ್ದಾರೆ. ಆದರೆ ಇದು ಇತರ ಅನೇಕ ಔಷಧಗಳೊಡನೆ ಸೇರಿದರೆ ಅವುಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಮೊದಲಾದುವುಗಳನ್ನು ಸೇವಿಸುವವರು ಇದನ್ನು ತಾವಾಗಿ ಮುಟ್ಟಕೂಡದು.

ಎರಡನೆಯದು ಸತುವಿನ ಲವಣ. ಸತುವಿಗೆ ಸಂಸ್ಕೃತದಲ್ಲಿ ಯಶದವೆಂದು ಹೆಸರು. ದೇಹದ ರಕ್ಷಣಾಶಕ್ತಿ ಸರಿಯಾಗಿ ನಡೆಯಲು ಸತು ಅಲ್ಪ ಪ್ರಮಾಣದಲ್ಲಿ ಅವಶ್ಯ. ಇರಾಕಿನ ವೈದ್ಯರು ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದೇಹದ ತೂಕದ ಒಂದು ಕಿಲೋಗ್ರಾಮಿಗೆ ೧೦ ಮಿಲಿಗ್ರಾಮಿನಂತೆ, ದಿನಕ್ಕೆ ೬೦೦ ಮಿಲಿಗ್ರಾಮ್ ಮೀರದಂತೆ ಜಿಂಕ್ ಸಲ್ಫೇಟನ್ನು ಎರಡು ತಿಂಗಳು ಕೊಟ್ಟರು. ಸೇರಿದ್ದವರು ೮೦ ಜನ. ಕೊನೆಯವರೆಗೆ ಉಳಿದವರು ೪೩. ಅವರಲ್ಲಿ ಸತುವನ್ನು ಸೇವಿಸಿದ ೨೩ ಮಂದಿಯಲ್ಲಿ ೨೦ ಮಂದಿಗೆ ಪೂರ್ಣ ಗುಣವಾಯಿತು. ನಿಸ್ಸಾರ ಔಷಧವನ್ನು ಸೇವಿಸಿದವರಲ್ಲಿ ಒಬ್ಬರಿಗೂ ಆಗಲಿಲ್ಲ. ಇದು ಸಾಧಾರಣವಾದ ಫಲವಲ್ಲ. ಆದರೆ ಮೆಕ್ಸಿಕೋದಲ್ಲಿ ಇದೇ ರೀತಿ ಕೊಟ್ಟು ನೋಡಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಿಸ್ಸಾರ ಮಾತ್ರೆಗೂ ಸತುವಿಗೂ ಹೇಳಿಕೊಳ್ಳತಕ್ಕ ವ್ಯತ್ಯಾಸ ಕಾಣಲಿಲ್ಲ. ಮೊದಲೇ ದೇಹದಲ್ಲಿ ಸತುವಿನ ಕೊರತೆಯಿರುವವರಿಗೆ ಇದು ಹೆಚ್ಚು ಉಪಕಾರಿಯಾಗಬಹುದೆಂದು ಊಹಿಸುವವರುಂಟು. ಹಸಿದವನಿಗೆ ಅನ್ನವಿಟ್ಟರೆ ಬಲ ಬರುತ್ತದೆ. ಉಂಡವನಿಗೆ ಮತ್ತೆ ಇಟ್ಟರೆ ಅಜೀರ್ಣವಾಗುತ್ತದೆ.

ಅಜೀರ್ಣದ ಮಾತು ಕೇವಲ ಉಪಮಾನವಲ್ಲ. ಜಿಂಕ್ ಸಲ್ಫೇಟಿನ ತೂಕದಲ್ಲಿ ಶುದ್ಧ ಸತುವಿನ ಅಂಶ ನೂರಕ್ಕೆ ಸುಮಾರು ೨೩. ಹಾಗಾಗಿ ದಿನಕ್ಕೆ ೬೦೦ ಮಿಲಿಗ್ರಾಮ್ ಸೇವಿಸುವವನಿಗೆ ೧೩೫ ಮಿಲಿಗ್ರಾಮಿನಷ್ಟು ಸತು ಒಳಹೋಗುತ್ತದೆ. ನಮ್ಮ ದೇಶದ ಪೋಷಣ ತಜ್ಞರು ವಯಸ್ಕ ಗಂಡಸಿಗೆ ಹೇಳಿರುವುದು ದಿನಕ್ಕೆ ೧೭ ಮಿಲಿಗ್ರಾಮ್. ಮಕ್ಕಳ ಭೇದಿಗೆ ಆರೋಗ್ಯ ಇಲಾಖೆಯವರು ಕೊಡುವ ಸತುವಿನ ಮಾತ್ರೆಯಲ್ಲಿರುವುದು ೨೦ ಮಿಲಿಗ್ರಾಮ್, ಅದೂ ಹದಿನಾಲ್ಕು ದಿನ ಮಾತ್ರ. ಆದುದರಿಂದ ನರಹುಲಿಗೆ ಕೊಡುವ ಪ್ರಮಾಣವು ಆಹಾರದ ಪೂರಣವಲ್ಲ, ಔಷಧವೇ ಸರಿ. ಬರಿಯ ಹೊಟ್ಟೆಯಲ್ಲಿ ಸೇವಿಸಿದರೆ ಓಕರಿಕೆಯೂ ವಾಂತಿಯೂ ಬರುತ್ತವೆ. ತಿಂಗಳುಗಟ್ಟಲೆ ಮುಂದುವರಿಸಿದರೆ ದೇಹದಲ್ಲಿ ತಾಮ್ರದ ಕೊರತೆಯುಂಟಾಗಿ ರಕ್ತ ಕ್ಷೀಣಿಸುತ್ತದೆ. ನರಗಳು ಕೆಟ್ಟು ನಡಿಗೆ ತಪ್ಪುವುದೂ ಉಂಟು. ವೈದ್ಯರು ತೂಕ ನೋಡಿ ಲೆಕ್ಕ ಹಾಕಿ, ಅವಧಿಯನ್ನು ಗೊತ್ತುಮಾಡಿ ಕೊಡಬೇಕು. ಅಂಗಡಿಯಿಂದ ತಂದು ನುಂಗಿಸುವುದು ತಪ್ಪು.

ಮೂರನೆಯದು ಲೆವಾಮಿಸೋಲ್, ಜಂತುಹುಳುವಿನ ಔಷಧ. ರಕ್ಷಣಾಶಕ್ತಿಯನ್ನು ಎಬ್ಬಿಸುತ್ತದೆಂದು ಇದನ್ನು ಒಂಟಿಯಾಗಿಯೂ ಸಿಮೆಟಿಡೀನಿನೊಡನೆಯೂ ಕೊಟ್ಟುದುಂಟು. ಆದರೆ ಕೆಲವರಲ್ಲಿ ಬಿಳಿಯ ರಕ್ತಕಣಗಳು ಹಠಾತ್ತಾಗಿ ಕುಸಿದು ಪ್ರಾಣಾಪಾಯವಾಗುವುದರಿಂದ, ನಿರುಪದ್ರವಿಯಾದ ಬೇನೆಗೆ ಇಂತಹ ಔಷಧವು ತಕ್ಕುದೇ ಎಂದು ಎರಡು ಸಲ ಯೋಚಿಸಬೇಕು. ಅಮೆರಿಕದಲ್ಲಿ ೨೦೦೦ದಲ್ಲಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ಇನ್ನೊಂದು ಬಗೆಯ ಔಷಧಗಳೆಂದರೆ ಎ ಜೀವಸತ್ತ್ವದ ಸಂಬಂಧಿಗಳಾದ ಐಸೊಟ್ರೆಟಿನಾಯಿನ್ ಮತ್ತು ಅಸಿಟ್ರೆಟಿನ್. ಮುಖದ ಮೇಲೆ ಚಪ್ಪಟೆಯಾಗಿ ಹರಡಿ, ಬೇರೆ ಯಾವುದಕ್ಕೂ ಬಗ್ಗದ ನರಹುಲಿಗಳಿಗೆ ಚರ್ಮತಜ್ಞರು ಐಸೊಟ್ರೆಟಿನಾಯಿನನ್ನು ಕೊಡುವುದುಂಟು. ಫಲ ಕಂಡುದೂ ಉಂಟು. ಆದರೆ ಇವು ಗರ್ಭಸ್ಥ ಶಿಶುವಿಗೆ ಘೋರವಾದ ಅಂಗವೈಕಲ್ಯವನ್ನು ತರುತ್ತವೆ. ಗರ್ಭಿಣಿಯರೂ ಗರ್ಭ ಧರಿಸುವ ಸಂಭವವುಳ್ಳವರೂ ಇವನ್ನು ಸೇವಿಸಕೂಡದು. ಅಸಿಟ್ರೆಟಿನನ್ನು ನಿಲ್ಲಿಸಿದ ಮೇಲೆಯೂ ಮೂರು ವರ್ಷ ಗರ್ಭ ಧರಿಸಬಾರದೆಂದು ವಿಧಿಯುಂಟು. ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟ ಇಂತಹ ಗುಳಿಗೆಯನ್ನು ಇನ್ನೊಬ್ಬರು ತೆಗೆದುಕೊಳ್ಳುವುದು ಎಷ್ಟು ದೊಡ್ಡ ಅನರ್ಥವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೋಮಿಯೋಪತಿಯ ಥೂಜಾ ಎಂಬ ಔಷಧವನ್ನು ನಮ್ಮಲ್ಲಿ ಬಹು ಜನರು ನಂಬುತ್ತಾರೆ. ಕೆನಡಾದಲ್ಲಿ ೧೭೪ ಜನರಲ್ಲಿ ಥೂಜಾವನ್ನೂ ಜೊತೆಯ ಬೇರೆರಡು ಔಷಧಗಳನ್ನೂ ಕೊಟ್ಟು ೧೯೯೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹದಿನೆಂಟು ವಾರಗಳ ಕೊನೆಗೆ ಔಷಧದವರಲ್ಲಿ ನೂರಕ್ಕೆ ೨೦ ಜನರಿಗೂ ನಿಸ್ಸಾರ ಮಾತ್ರೆಯವರಲ್ಲಿ ೨೪ ಜನರಿಗೂ ಗುಣವಾಗಿತ್ತು. ನಂಬಿದವರ ಮನಸ್ಸನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಎಣಿಕೆಯನ್ನು ಮುಚ್ಚಿಡುವುದೂ ನ್ಯಾಯವಲ್ಲ.

ಕಾಗೆಯೂ ತಾಳೆಯ ಹಣ್ಣೂ

ಸಂಸ್ಕೃತದಲ್ಲಿ ಕಾಕತಾಲೀಯ ನ್ಯಾಯವೆಂಬುದೊಂದುಂಟು. ಕಾಗೆಯು ತಾಳೆಯ ಮರದ ಮೇಲೆ ಬಂದು ಕೂರುವುದಕ್ಕೂ, ಕಳಿತ ಹಣ್ಣು ತೊಟ್ಟು ಕಳಚಿ ಬೀಳುವುದಕ್ಕೂ ಸರಿಹೋಯಿತು. ನೋಡಿದವನು ಕಾಗೆಯೇ ಹಣ್ಣನ್ನು ಬೀಳಿಸಿತೆಂದನು. ಈ ನ್ಯಾಯವನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಹೇಳಿದ್ದೇನೆ. ನರಹುಲಿಯಷ್ಟು ಒಳ್ಳೆಯ ಉದಾಹರಣೆ ಇದಕ್ಕೆ ಇನ್ನೊಂದಿಲ್ಲವೆಂದು ಆಗ ನನಗೆ ಹೊಳೆದಿರಲಿಲ್ಲ. ನರಹುಲಿಯು ಒಂದಲ್ಲ ಒಂದು ದಿನ ಉದುರುವ ಹಣ್ಣು. ಅದು ಉದುರುವ ಕಾಲಕ್ಕೆ ಯಾವ ಕಾಗೆ ಕುಳಿತಿರುತ್ತದೆಯೋ ಅದಕ್ಕೆ ಕೀರ್ತಿ.

ಹದಿನಾರನೆಯ ಶತಮಾನದಲ್ಲಿ ಹುಟ್ಟಿದ ಇಂಗ್ಲೆಂಡಿನ ತತ್ತ್ವಜ್ಞ ಫ್ರಾನ್ಸಿಸ್ ಬೇಕನ್ ತನ್ನ ಅನುಭವವನ್ನು ಬರೆದಿಟ್ಟಿದ್ದಾನೆ. ಬಾಲ್ಯದಿಂದ ಅವನ ಕೈಯಲ್ಲಿ ಒಂದು ನರಹುಲಿಯಿತ್ತು. ಹದಿಹರೆಯದಲ್ಲಿ ಪ್ಯಾರಿಸಿನಲ್ಲಿದ್ದಾಗ ನೂರಕ್ಕೆ ಕಡಮೆಯಿಲ್ಲದಷ್ಟು ಎದ್ದುವು. ಇಂಗ್ಲಿಷ್ ರಾಯಭಾರಿಯ ಪತ್ನಿಯು ತೊಗಲು ಸಮೇತವಾದ ಹಂದಿಯ ಕೊಬ್ಬಿನ ತುಂಡಿನಿಂದ ಅವನ್ನೆಲ್ಲ ಉಜ್ಜಿ, ಆ ತುಂಡನ್ನು ತನ್ನ ಕೊಠಡಿಯ ದಕ್ಷಿಣದ ಕಿಟಕಿಯಲ್ಲಿ ಬಿಸಿಲಿಗೆ ಮೊಳೆಹೊಡೆದು ನಿಲ್ಲಿಸಿದಳು. ಐದು ವಾರಗಳಲ್ಲಿ ಎಲ್ಲವೂ ಹೋದುವು. ಬಾಲ್ಯದ ಹಳೆಯದೂ ಅವುಗಳ ಸಂಗಡವೇ ಹೋಯಿತು. ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿರೆಂದು ಜಗತ್ತಿಗೆ ಬೋಧಿಸಿದ ಬೇಕನ್ನನಿಗೂ ಈ ಕಾಗೆ ಕುಳಿತುದು ಬೆರಗನ್ನುಂಟುಮಾಡಿತು. ೧೬೨೬ರಲ್ಲಿ ಅವನು ತೀರಿಕೊಂಡ ಮೇಲೆ ಅಚ್ಚಾದ ಗ್ರಂಥದಲ್ಲಿ ಈ ವೃತ್ತಾಂತವು ಬಂದಿದೆ.

ಆದುದರಿಂದಲೇ ನಿಸ್ಸಾರ ಮಾತ್ರೆಯ ಗುಂಪು ಅಷ್ಟು ಮುಖ್ಯವಾದುದು. ಕಾಗೆಯಿಲ್ಲದ ಮರದಿಂದ ಎಷ್ಟು ಹಣ್ಣು ಬಿದ್ದುವೆಂಬುದನ್ನು ಎಣಿಸಿದ ಹೊರತು, ಕಾಗೆಯ ಪಾಲು ಎಷ್ಟೆಂದು ಹೇಳಲಾಗುವುದಿಲ್ಲ. "ನನ್ನ ನಾದಿನಿಗೆ ಇದರಿಂದಲೇ ಹೋಯಿತು" ಎಂಬ ಮಾತು ಸತ್ಯವಾಗಿರಬಹುದು, ಆದರೆ ಪ್ರಮಾಣವಲ್ಲ.

ಮನೆಯವರು ಗಮನಿಸತಕ್ಕ ಕೆಲವು ವಿಷಯಗಳು

ಮೊದಲನೆಯದಾಗಿ, ಅಂಗಾಲಿನಲ್ಲಿರುವುದು ಆಣಿಯೋ ನರಹುಲಿಯೋ ಎಂಬುದನ್ನು ತಿಳಿಯಬೇಕು. ನರಹುಲಿಯ ಮೇಲ್ಪದರವನ್ನು ವೈದ್ಯರು ಸವರಿದಾಗ ಕಪ್ಪು ಚುಕ್ಕೆಗಳು ಕಾಣುತ್ತವೆ; ಅವು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಆಣಿಯಲ್ಲಿ ಇವು ಇರುವುದಿಲ್ಲ.

ಎರಡನೆಯದಾಗಿ, ಕೆರೆಯುವುದು, ಹಲ್ಲಿನಿಂದ ಕಚ್ಚುವುದು, ಬ್ಲೇಡಿನಿಂದ ಕೊಯ್ಯುವುದು ಇವುಗಳಿಂದ ನರಹುಲಿ ಪಕ್ಕದ ಚರ್ಮಕ್ಕೆ ಬೀಜ ಬಿತ್ತಿದಂತೆ ಹರಡುತ್ತದೆ. ಟವೆಲ್ಲು, ಉಗುರು ಕತ್ತರಿಸುವ ಸಾಧನ, ಕ್ಷೌರದ ಬ್ಲೇಡು ಇವುಗಳನ್ನು ಬೇರೆಯಾಗಿ ಇಡಬೇಕು. ಇಷ್ಟು ಮಾಡಿದರೆ ಸಾಕು. ಕೋಲಾಟದ ಕೋಲನ್ನು ಕಿತ್ತುಕೊಳ್ಳಬೇಕಾಗಿಲ್ಲ; ಮಗುವನ್ನು ಗೋಡೆಯ ಪಕ್ಕ ಕೂರಿಸಬೇಕಾಗಿಲ್ಲ.

ಮೂರನೆಯದಾಗಿ, ಸುಣ್ಣ-ಸೋಡಾ, ಆಸಿಡ್ಡು, ಗೇರಿನ ಎಣ್ಣೆ ಇವುಗಳನ್ನು ಹಚ್ಚಕೂಡದು. ತಪ್ಪಿ ಹಚ್ಚಿದ್ದರೆ ಕೂಡಲೇ ಧಾರೆಯಾಗಿ ನೀರು ಬಿಟ್ಟು ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಾಲ್ಕನೆಯದಾಗಿ, ಮುಖದ ಮೇಲೆ ಅಥವಾ ಗುಹ್ಯಭಾಗದಲ್ಲಿ ಇದ್ದರೆ, ರಕ್ತ ಸೋರುತ್ತಿದ್ದರೆ, ಸಿಹಿಮೂತ್ರ ರೋಗವುಳ್ಳವರ ಕಾಲಿನಲ್ಲಿ ಬಂದರೆ, ನಡುವಯಸ್ಸನ್ನು ದಾಟಿದವರಲ್ಲಿ ಹೊಸದಾಗಿ ಒಂದೇ ಗಂಟು ಎದ್ದು ಬೆಳೆಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ನರಹುಲಿಯ ವೇಷದಲ್ಲಿ ಬೇರೆ ರೋಗವೂ ಬರಬಹುದು.

ಐದನೆಯದಾಗಿ, ಹೊಟ್ಟೆಗೆ ಔಷಧ ಕೊಟ್ಟಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಬೇಕು: ಎಷ್ಟು ದಿನ? ಯಾವ ತೊಂದರೆ ಕಂಡರೆ ನಿಲ್ಲಿಸಬೇಕು? ಏನೂ ಕೊಡದಿದ್ದರೆ ಏನಾಗುತ್ತದೆ? ಮೂರನೆಯ ಪ್ರಶ್ನೆಗೆ ಬೇಸರಪಡದೆ ಉತ್ತರ ಹೇಳುವ ವೈದ್ಯರು ದೊರೆತರೆ ಅದು ಆ ಮನೆಯ ಭಾಗ್ಯ.

ಇನ್ನು ನಮ್ಮ ಮಗುವಿನ ವಿಷಯ. ವೈದ್ಯರು ತೂಕಕ್ಕೆ ತಕ್ಕಂತೆ ಸತುವಿನ ಔಷಧವನ್ನು ಎರಡು ತಿಂಗಳಿಗೆ ಬರೆದುಕೊಟ್ಟರು. ಊಟವಾದ ಮೇಲೆ ಕೊಡುತ್ತಿದ್ದೆವು. ಮೊದಲ ವಾರ ಓಕರಿಕೆ ಬಂದಿತು, ಆಮೇಲೆ ಹೊಂದಿಕೊಂಡಿತು. ಇದು ನಡೆಯುತ್ತಿರುವಾಗಲೇ ನಮ್ಮ ಮನೆಯಾಕೆ, ಉಪ್ಪು ಕರಗಿದಂತೆ ಗಂಟೂ ಕರಗಲೆಂದು ಒಂದು ಹಿಡಿ ಉಪ್ಪನ್ನು ಬಾವಿಗೆ ಹಾಕಿದ್ದಳು. ಬೀಗಿತ್ತಿಯವರು ಥೂಜಾವನ್ನು ಕಳುಹಿಸಿದ್ದರು. ನೆರೆಮನೆಯವರು ದಾರ ಮಂತ್ರಿಸಿ ತಂದಿದ್ದರು. ಏಳನೆಯ ವಾರದಲ್ಲಿ ಗಂಟುಗಳು ಕಪ್ಪಾಗಿ ಒಣಗಿದುವು. ಹತ್ತನೆಯ ವಾರಕ್ಕೆ ಕೈ ನುಣುಪಾಯಿತು. ಈಗ ಸತು, ಉಪ್ಪು, ಥೂಜಾ, ದಾರ ನಾಲ್ಕಕ್ಕೂ ಒಬ್ಬೊಬ್ಬ ವಕೀಲರು ನಮ್ಮ ಮನೆಯಲ್ಲಿದ್ದಾರೆ. "ನೋಡಿ, ನಾನು ಉಪ್ಪು ಹಾಕದೆ ಇದ್ದಿದ್ದರೆ!" ಎಂದು ಮನೆಯಾಕೆ ಹೇಳುವಾಗ ನಾನು ವಾದಿಸುವುದಿಲ್ಲ. ಗಂಟುಗಳು ಎದ್ದು ಆಗ ಎರಡು ವರ್ಷವಾಗುತ್ತ ಬಂದಿದ್ದುವೆಂಬುದನ್ನು ಮಾತ್ರ ನನ್ನಷ್ಟಕ್ಕೆ ನೆನೆದುಕೊಳ್ಳುತ್ತೇನೆ. ಸತುವಿನ ಪಾಲು ಎಷ್ಟು, ಕಾಲದ ಪಾಲು ಎಷ್ಟು ಎಂದು ಒಂದೇ ಮಗುವಿನ ಒಂದು ಕೈಯನ್ನು ನೋಡಿ ಯಾರೂ ಹೇಳಲಾರರು.

ಮೊನ್ನೆ ಅವಳು ಕೈಯೆರಡನ್ನೂ ಚಾಚಿ, "ತಾತ, ಯಾವ ಮದ್ದಿನಿಂದ ಹೋಯಿತು?" ಎಂದು ಕೇಳಿದಳು. "ನನಗೆ ಗೊತ್ತಿಲ್ಲ, ಮಗು" ಎಂದೆ. ಮೂವತ್ತು ವರ್ಷಗಳ ಹಿಂದೆ ಆ ಹುಡುಗನಿಗೂ ಇಷ್ಟನ್ನೇ ಹೇಳಿದ್ದರೆ ಅವನ ಬೆರಳು ಇಂದು ಮಡಿಯುತ್ತಿತ್ತು.